‘ಕಿಂಗ್‌ಡಮ್ ಕಮ್’ ಕೊನೆಯ ಸಂಚಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳಲ್ಲಿ ಕಥೆಯ ಮುಕ್ತಾಯವನ್ನು ಮುಚ್ಚಿಟ್ಟಿಲ್ಲ. ಸರಣಿಯನ್ನು ಇನ್ನೂ ಓದದವರು ಮೊದಲು ಅದನ್ನು ಓದಿ, ಆಮೇಲೆ ಇಲ್ಲಿಗೆ ಬರುವುದು ಒಳ್ಳೆಯದು.

‘ಕಿಂಗ್‌ಡಮ್ ಕಮ್’ ಯಾವ ಸರಣಿ? ಇಲ್ಲಿ ಚರ್ಚೆಗೆ ಎತ್ತಿಕೊಂಡಿರುವುದು ಯಾವ ಸಂಚಿಕೆ?

ಅಮೆರಿಕದ ಡಿಸಿ ಕಾಮಿಕ್ಸ್ ಸಂಸ್ಥೆ 1996ರಲ್ಲಿ ನಾಲ್ಕು ಸಂಚಿಕೆಗಳಲ್ಲಿ ಹೊರತಂದ ಚಿತ್ರಕಥೆ ಇದು. ಬರವಣಿಗೆ ಮಾರ್ಕ್ ವೇಡ್ ಅವರದು, ಚಿತ್ರಗಳು ಅಲೆಕ್ಸ್ ರಾಸ್ ಅವರವು. ಕಥೆಯ ಮೂಲ ಕಲ್ಪನೆ ಹುಟ್ಟಿದ್ದೂ ರಾಸ್ ಅವರಲ್ಲೇ. ಡಿಸಿಯ ಮಾಸಿಕ ಕಥೆಗಳ ಸರಪಳಿಯಿಂದ ಹೊರಗೆ ನಿಲ್ಲುವ ‘ಎಲ್ಸ್‌ವರ್ಲ್ಡ್ಸ್’ ಮಾಲೆಯಲ್ಲಿ ಇದು ಬಂದುದರಿಂದ, ಇಲ್ಲಿ ಯಾರು ಬೇಕಾದರೂ ಸಾಯಬಹುದು, ಸತ್ತವರು ಮುಂದಿನ ತಿಂಗಳು ಎದ್ದುಬರಬೇಕೆಂಬ ನಿರ್ಬಂಧವೂ ಇಲ್ಲ. ನಾಲ್ಕನೆಯ ಹಾಗೂ ಕೊನೆಯ ಸಂಚಿಕೆಯ ಹೆಸರು ‘ನೆವರ್-ಎಂಡಿಂಗ್ ಬ್ಯಾಟಲ್’, ಅಂದರೆ ಕೊನೆಯಿಲ್ಲದ ಕಾಳಗ. ನಾಲ್ಕೂ ಸಂಚಿಕೆಗಳ ಹೆಸರುಗಳು ಸೂಪರ್‌ಮ್ಯಾನ್‌ನ ಹಳೆಯ ರೇಡಿಯೊ ಮತ್ತು ಟಿವಿ ಕಾರ್ಯಕ್ರಮಗಳ ಆರಂಭದಲ್ಲಿ ಉದ್ಘೋಷಕರು ಹೇಳುತ್ತಿದ್ದ ಮಾತುಗಳಿಂದ ಆಯ್ದವು. ಮಕ್ಕಳನ್ನು ಹುರಿದುಂಬಿಸಲು ಹೇಳುತ್ತಿದ್ದ ಆ ಮಾತು, ಸಾವಿರ ಅತಿಮಾನವರು ಒಬ್ಬರನ್ನೊಬ್ಬರು ಕೊಲ್ಲಲು ನಿಂತಿರುವ ಸಂಚಿಕೆಯ ತಲೆಯ ಮೇಲೆ ಬಂದು ಕೂತಾಗ ಅದರ ಅರ್ಥವೇ ಬೇರೆಯಾಗುತ್ತದೆ.

ಕೊನೆಯ ಸಂಚಿಕೆಗೆ ಬರುವ ಮೊದಲು ಏನೇನು ತಿಳಿದಿರಬೇಕು?

ಕಥೆ ನಡೆಯುವುದು ಮುಂದಿನ ಒಂದು ತಲೆಮಾರಿನ ಕಾಲದಲ್ಲಿ. ಹಳೆಯ ಸೂಪರ್‌ಹೀರೊಗಳು ಹಿಂದೆ ಸರಿದಿದ್ದಾರೆ. ಅವರ ಮಕ್ಕಳು ಮತ್ತು ಅನುಯಾಯಿಗಳು ಬೀದಿಗಳಲ್ಲಿ ಕಾರಣವಿಲ್ಲದೆ ಕಾದಾಡುತ್ತಿದ್ದಾರೆ. ನಡುವೆ ಸಿಕ್ಕಿಬಿದ್ದ ಸಾಮಾನ್ಯ ಜನರ ಬಗ್ಗೆ ಯಾರಿಗೂ ಚಿಂತೆಯಿಲ್ಲ. ಹತ್ತು ವರ್ಷಗಳ ಹಿಂದೆ ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್ ‘ಡೈಲಿ ಪ್ಲಾನೆಟ್’ ಪತ್ರಿಕಾ ಕಚೇರಿಯಲ್ಲಿದ್ದವರನ್ನು ಕೊಂದಿದ್ದ, ಸೂಪರ್‌ಮ್ಯಾನ್‌ನ ಹೆಂಡತಿ ಲೋಯಿಸ್ ಲೇನ್ ಕೂಡ ಅವರಲ್ಲಿ ಒಬ್ಬಳು. ವಿಚಾರಣೆಗೆ ಕರೆತರುತ್ತಿದ್ದ ಜೋಕರ್‌ನನ್ನು ಮೇಗಾಗ್ ಎಂಬ ಹೊಸ ವೀರ ಕೊಂದುಹಾಕಿದ, ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು, ಜನ ಚಪ್ಪಾಳೆ ತಟ್ಟಿದರು. ಅದನ್ನು ಕಂಡ ಸೂಪರ್‌ಮ್ಯಾನ್ ಲೋಕವನ್ನೇ ಬಿಟ್ಟು ಏಕಾಂತಕ್ಕೆ ಹೋದ. ಮುಂದೆ ಮೇಗಾಗ್‌ನ ಗುಂಪು ನಡೆಸಿದ ಒಂದು ಹೊಡೆದಾಟದಲ್ಲಿ ಕ್ಯಾಪ್ಟನ್ ಆಟಮ್ ಎಂಬ ಅತಿಮಾನವನ ದೇಹ ಒಡೆದು, ಅದರೊಳಗಿನ ಅಣುಶಕ್ತಿ ಹೊರಚೆಲ್ಲಿ ಕ್ಯಾನ್ಸಸ್ ರಾಜ್ಯ ಸುಟ್ಟುಹೋಗುತ್ತದೆ. ಆಗ ಹಿಂತಿರುಗುವ ಸೂಪರ್‌ಮ್ಯಾನ್ ಮಾತು ಕೇಳದವರನ್ನೆಲ್ಲ ಕೂಡಿಹಾಕಲು ಅದೇ ಕ್ಯಾನ್ಸಸ್‌ನಲ್ಲಿ ಸೆರೆಮನೆ ಕಟ್ಟುತ್ತಾನೆ. ಅದರ ಹೆಸರು ಗುಲಾಗ್. ಸೋವಿಯತ್ ರಷ್ಯಾದ ದುಡಿಮೆ ಶಿಬಿರಗಳ ಹೆಸರನ್ನು ಒಳ್ಳೆಯವರು ಕಟ್ಟಿದ ಸೆರೆಮನೆಗೆ ಇಟ್ಟಿರುವುದು ಆಕಸ್ಮಿಕವಲ್ಲ. ಮೂರನೆಯ ಸಂಚಿಕೆಯ ಕೊನೆಯಲ್ಲಿ ಆ ಸೆರೆಮನೆಯಲ್ಲಿ ದಂಗೆಯೆದ್ದಿದೆ.

ಚಿತ್ರಗಳು ಇಷ್ಟು ಬೆಳಕಿನಿಂದ ಕೂಡಿರುವಾಗ ಇದನ್ನು ಕರಾಳ ಭವಿಷ್ಯದ ಕಥೆ ಎನ್ನುವುದು ಸರಿಯೇ?

ಸರಿ. ಈ ಕಥೆಯ ಕತ್ತಲೆ ಬಣ್ಣದಲ್ಲಿಲ್ಲ, ಅದರ ತರ್ಕದಲ್ಲಿದೆ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯೆನಿಸುವ ಹೆಜ್ಜೆಯನ್ನೇ ಇಡುತ್ತಾರೆ, ಪ್ರತಿ ಹೆಜ್ಜೆಯೂ ನಾಶಕ್ಕೆ ಇನ್ನಷ್ಟು ಹತ್ತಿರ ಒಯ್ಯುತ್ತದೆ. 1990ರ ದಶಕದ ಮೊದಲಲ್ಲಿ ಅಮೆರಿಕದ ಕಾಮಿಕ್ಸ್ ಮಾರುಕಟ್ಟೆಯಲ್ಲಿ ದೊಡ್ಡ ಬಂದೂಕು, ಕೊಲೆ, ಸಿಟ್ಟಿನ ಮುಖಗಳೇ ವೀರತ್ವದ ಗುರುತಾಗಿದ್ದವು. ಮೇಗಾಗ್ ಆ ಅಭಿರುಚಿಯ ಪ್ರತಿರೂಪ, ಅವನಿಗೆ ಚಪ್ಪಾಳೆ ತಟ್ಟುವ ಜನರೇ ಆ ಕಾಲದ ಓದುಗರು. ಆದರೆ ವೇಡ್ ಮತ್ತು ರಾಸ್ ತಪ್ಪನ್ನೆಲ್ಲ ಹೊಸಬರ ತಲೆಗೆ ಕಟ್ಟಿ ಸುಮ್ಮನಾಗಲಿಲ್ಲ. ಹಳೆಯ ಆದರ್ಶವೂ ಬಲಪ್ರಯೋಗಕ್ಕೆ ಇಳಿದಾಗ ಸೆರೆಮನೆ ಕಟ್ಟುವುದರಲ್ಲೇ ಮುಗಿಯುತ್ತದೆ ಎಂದು ತೋರಿಸಿದರು. ಹಳೆಯ ಕಾಲವೇ ಚೆನ್ನಾಗಿತ್ತು ಎಂಬ ಹಂಬಲದ ಕಥೆಯೆಂದು ಇದನ್ನು ತಳ್ಳಿಹಾಕುವವರು ಈ ಅರ್ಧವನ್ನು ಓದಿಯೇ ಇಲ್ಲವೆಂದು ನನಗೆ ಅನ್ನಿಸುತ್ತದೆ.

ಹೆಸರಿಗೂ ಬೈಬಲಿಗೂ ಏನು ಸಂಬಂಧ?

ಕ್ರೈಸ್ತರು ದಿನವೂ ಹೇಳುವ ಪ್ರಾರ್ಥನೆಯಲ್ಲಿ ‘ನಿನ್ನ ರಾಜ್ಯವು ಬರಲಿ’ ಎಂಬ ಮಾತಿದೆಯಲ್ಲ, ಅದರ ಇಂಗ್ಲಿಷ್ ರೂಪದಿಂದ ಬಂದ ಹೆಸರು ಇದು. ಕಥೆಯನ್ನು ಹೇಳುವವನು ನಾರ್ಮನ್ ಮೆಕೇ ಎಂಬ ಮುದಿ ಪಾದ್ರಿ. ಸಾಯುತ್ತಿರುವ ಗೆಳೆಯ ವೆಸ್ಲಿ ಡಾಡ್ಸ್‌ನಿಂದ ಅವನಿಗೆ ಲೋಕಾಂತ್ಯದ ದರ್ಶನಗಳು ದಾಟಿಬರುತ್ತವೆ, ಆ ದರ್ಶನಗಳ ಭಾಷೆ ಪ್ರಕಟನೆ ಗ್ರಂಥದ್ದು: ಗುಡುಗು, ಮಿಂಚು, ಭೂಕಂಪ, ಪಂಜಿನಂತೆ ಉರಿಯುತ್ತಾ ಆಕಾಶದಿಂದ ಬೀಳುವ ನಕ್ಷತ್ರ. ಕನ್ನಡ ಬೈಬಲಿನಲ್ಲಿ ಆ ನಕ್ಷತ್ರಕ್ಕೆ ಮಾಚಿಪತ್ರೆ ಎಂಬ ಹೆಸರಿದೆ. ಇಂಗ್ಲಿಷಿನಲ್ಲಿ ಅದೇ ಕಹಿಗಿಡದ ಹೆಸರನ್ನು ಕಥೆಯ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿಯೂ ಹೊತ್ತಿದ್ದಾನೆ, ಅಕ್ಷರ ಮಾತ್ರ ಕೊಂಚ ಬೇರೆ. ಕೊನೆಯ ಸಂಚಿಕೆಯಲ್ಲಿ ಬಾಂಬು ಹಾಕಲು ಒಪ್ಪಿಗೆ ಕೊಡುವವನು ಅವನೇ. ಮೇಗಾಗ್ ಎಂಬ ಹೆಸರಿನ ಮೂಲವೂ ಬೈಬಲೇ. ಮೊದಲ ಪುಟಗಳಲ್ಲಿ ಅಲಂಕಾರದಂತೆ ಕಾಣುವ ಈ ಮಾತುಗಳು ಕೊನೆಯಲ್ಲಿ ಒಂದೊಂದಾಗಿ ಕಣ್ಣೆದುರು ನಿಜವಾಗುತ್ತವೆ. ಮಿಂಚು ಒಬ್ಬ ಹುಡುಗನ ಬಾಯಿಂದ ಹೊರಡುವ ಮಾತಾಗುತ್ತದೆ, ಉರಿಯುವ ನಕ್ಷತ್ರ ಅಣುಬಾಂಬಾಗುತ್ತದೆ.

ಕ್ಯಾಪ್ಟನ್ ಮಾರ್ವೆಲ್ ಒಳ್ಳೆಯವನಲ್ಲವೇ? ಅವನೇಕೆ ಸೂಪರ್‌ಮ್ಯಾನ್‌ನ ಮೇಲೆ ಬೀಳುತ್ತಾನೆ?

ಮೊದಲು ಹೆಸರಿನ ಗೊಂದಲ: ಈತ ಮಾರ್ವೆಲ್ ಸಂಸ್ಥೆಯ ಸಿನಿಮಾಗಳ ನಾಯಕಿಯಲ್ಲ. 1940ರ ಹೊತ್ತಿಗೆ ಫಾಸೆಟ್ ಪ್ರಕಾಶನದಲ್ಲಿ ಹುಟ್ಟಿ, ಮುಂದೆ ಡಿಸಿಗೆ ಬಂದ, ಈಗ ‘ಶಜ಼ಾಮ್’ ಎಂಬ ಹೆಸರಿನಿಂದ ಪರಿಚಿತನಾದ ಪಾತ್ರ. ಬಿಲ್ಲಿ ಬ್ಯಾಟ್ಸನ್ ಎಂಬ ಹುಡುಗ ಆ ಮಂತ್ರಪದವನ್ನು ಉಚ್ಚರಿಸಿದೊಡನೆ ಮಾಂತ್ರಿಕ ಸಿಡಿಲು ಬಡಿದು ಮಹಾಬಲಶಾಲಿಯಾಗುತ್ತಾನೆ, ಮತ್ತೆ ಉಚ್ಚರಿಸಿದರೆ ಹುಡುಗನಾಗುತ್ತಾನೆ.

ಈ ಕಥೆಯಲ್ಲಿ ಬಿಲ್ಲಿ ಬೆಳೆದು ದೊಡ್ಡವನಾಗಿದ್ದಾನೆ, ನೋಡಲು ಕ್ಯಾಪ್ಟನ್ ಮಾರ್ವೆಲ್‌ನಂತೆಯೇ ಇದ್ದಾನೆ. ಸೂಪರ್‌ಮ್ಯಾನ್‌ನ ಹಳೆಯ ಶತ್ರು ಲೆಕ್ಸ್ ಲೂಥರ್ ವರ್ಷಗಳಿಂದ ಅವನ ಮನಸ್ಸನ್ನು ಹುಳುಗಳ ಮೂಲಕ ಹಿಡಿತದಲ್ಲಿಟ್ಟುಕೊಂಡು, ಅತಿಮಾನವರ ಬಗ್ಗೆ ಭಯವನ್ನೇ ತುಂಬಿ ಸಾಕಿದ್ದಾನೆ. ಸೂಪರ್‌ಮ್ಯಾನ್‌ಗೆ ಮಂತ್ರಶಕ್ತಿಯ ಎದುರು ರಕ್ಷಣೆಯಿಲ್ಲವಾದ್ದರಿಂದ ಅವನನ್ನು ತಡೆಯಬಲ್ಲವನು ಇವನೊಬ್ಬನೇ. ಮಾರ್ವೆಲ್ ಮಂತ್ರಪದ ಕೂಗುತ್ತಾನೆ, ಸಿಡಿಲು ಬರುವಷ್ಟರಲ್ಲಿ ಪಕ್ಕಕ್ಕೆ ಸರಿಯುತ್ತಾನೆ, ಅದು ಸೂಪರ್‌ಮ್ಯಾನ್‌ನ ಎದೆಗೆ ಬಡಿಯುತ್ತದೆ. ಮತ್ತೆ ಕೂಗುತ್ತಾನೆ, ಮತ್ತೆ ಸರಿಯುತ್ತಾನೆ. ಆ ಹೊತ್ತಿನ ಅವನ ಮುಖದಲ್ಲಿ ದ್ವೇಷವಿಲ್ಲ, ಬುದ್ಧಿ ಕದಡಿದ ಒಂದು ನಗುವಿದೆ. ಸರಣಿಯಲ್ಲಿ ನನಗೆ ಅತ್ಯಂತ ಭಯ ಹುಟ್ಟಿಸಿದ ಚಿತ್ರ ಅದು.

ಬಾಂಬು ಹಾಕಿಸಿದ ವಿಶ್ವಸಂಸ್ಥೆಯೇ ಕಥೆಯ ಖಳನೇ?

ಅಲ್ಲ, ಹಾಗೆ ಓದಿದರೆ ಸಂಚಿಕೆಯ ಬಲವೇ ಹೋಗುತ್ತದೆ. ಗುಲಾಗ್‌ನ ಗೋಡೆ ಒಡೆದು ಯುದ್ಧ ಹೊರಚೆಲ್ಲಿದರೆ ಮನುಷ್ಯಕುಲಕ್ಕೆ ಉಳಿವಿಲ್ಲ, ಎಲ್ಲ ಅತಿಮಾನವರೂ ಒಂದೇ ಕಡೆ ಸೇರಿರುವ ಈ ಗಳಿಗೆ ಮತ್ತೆ ಸಿಗುವುದಿಲ್ಲ ಎಂಬ ಲೆಕ್ಕದಲ್ಲಿ ಅವರು ಆ ತೀರ್ಮಾನಕ್ಕೆ ಬರುತ್ತಾರೆ. ಕ್ಯಾನ್ಸಸ್ ಕಣ್ಣೆದುರೇ ಸುಟ್ಟದ್ದನ್ನು ಕಂಡವರ ಲೆಕ್ಕ ಅದು. ಬಾಂಬು ಹೊತ್ತ ವಿಮಾನಗಳಲ್ಲಿ ಎರಡನ್ನು ಬ್ಯಾಟ್‌ಮ್ಯಾನ್ ಮತ್ತು ವಂಡರ್ ವುಮನ್ ತಡೆಯುತ್ತಾರೆ, ಮೂರನೆಯದು ತಪ್ಪಿಸಿಕೊಳ್ಳುತ್ತದೆ.

ಸೂಪರ್‌ಮ್ಯಾನ್ ಮತ್ತು ಬಿಲ್ಲಿಯ ನಡುವೆ ಆ ಕೊನೆಯ ಗಳಿಗೆಯಲ್ಲಿ ನಿಜವಾಗಿ ನಡೆಯುವುದೇನು?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಪುಟಗಳು ವೇಗವಾಗಿ ಓಡುವುದರಿಂದ ಮೊದಲ ಓದಿನಲ್ಲಿ ಕೆಲವು ಸಂಗತಿಗಳು ಕೈತಪ್ಪುತ್ತವೆ, ಆದ್ದರಿಂದ ನಿಧಾನವಾಗಿ ಬಿಡಿಸಿ ಹೇಳಬೇಕಾಗುತ್ತದೆ.

ಮತ್ತೊಂದು ಸಿಡಿಲು ಇಳಿಯುವಾಗ ಸೂಪರ್‌ಮ್ಯಾನ್ ಮಾರ್ವೆಲ್‌ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ, ಸಿಡಿಲು ಮಾರ್ವೆಲ್‌ಗೇ ಬಡಿಯುತ್ತದೆ, ಅವನು ಬಿಲ್ಲಿಯಾಗುತ್ತಾನೆ. ಬಿಲ್ಲಿ ಮತ್ತೆ ಆ ಪದ ಉಚ್ಚರಿಸದಂತೆ ಸೂಪರ್‌ಮ್ಯಾನ್ ಅವನ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಪರ್ವತವನ್ನು ಎತ್ತಬಲ್ಲ ಆ ಬೆರಳುಗಳು ಒಬ್ಬ ಸಾಮಾನ್ಯ ಮನುಷ್ಯನ ಕೆನ್ನೆಯ ಮೇಲಿವೆ, ಕಣ್ಣು ಮಾತ್ರ ಮೇಲಕ್ಕೆ ನೆಟ್ಟಿದೆ, ಅಲ್ಲಿ ಬಾಂಬು ಬೀಳುತ್ತಿದೆ. ಅವನು ಹಾರಿಹೋಗಿ ಅದನ್ನು ತಡೆಯಬಲ್ಲ. ತಡೆದರೆ ಅತಿಮಾನವರು ಉಳಿಯುತ್ತಾರೆ, ಅವರ ಯುದ್ಧ ಲೋಕವನ್ನು ನುಂಗುತ್ತದೆ. ತಡೆಯದಿದ್ದರೆ ಅತಿಮಾನವರೆಲ್ಲ ಸಾಯುತ್ತಾರೆ, ಮನುಷ್ಯರು ಉಳಿಯುತ್ತಾರೆ.

ಇಲ್ಲಿಯವರೆಗೆ ಎಲ್ಲ ತೀರ್ಮಾನವನ್ನೂ ತಾನೇ ಮಾಡಿದ್ದ ಸೂಪರ್‌ಮ್ಯಾನ್ ಇಲ್ಲಿ ಮೊದಲ ಸಲ, ಈ ತೀರ್ಮಾನ ತನ್ನದಲ್ಲ ಎನ್ನುತ್ತಾನೆ. ತಾನು ದೇವರೂ ಅಲ್ಲ, ಮನುಷ್ಯನೂ ಅಲ್ಲ. ಬಿಲ್ಲಿಯೊಬ್ಬನೇ ಎರಡೂ ಲೋಕಗಳಲ್ಲಿ ಬಾಳುವವನು, ಮನುಷ್ಯನಾಗಿಯೂ ಅತಿಮಾನವನಾಗಿಯೂ ಉಸಿರಾಡಿದವನು. ಆದ್ದರಿಂದ ಬಾಂಬನ್ನು ತಡೆಯಲು ತನ್ನನ್ನು ಬಿಡಬೇಕೋ, ಸಿಡಿಲಿನಿಂದ ತನ್ನನ್ನು ನಿಲ್ಲಿಸಬೇಕೋ ಎಂಬುದನ್ನು ಬಿಲ್ಲಿಯೇ ಆರಿಸಬೇಕು. ಹೀಗೆ ಹೇಳಿ ಕೈ ತೆಗೆದು ಮೇಲಕ್ಕೆ ಹಾರುತ್ತಾನೆ. ಬಿಲ್ಲಿಯ ಕಣ್ಣಲ್ಲಿ ನೀರು. ಅವನು ಆ ಪದವನ್ನು ಉಚ್ಚರಿಸುತ್ತಾನೆ, ಮಾರ್ವೆಲ್ ಆಗುತ್ತಾನೆ, ಸೂಪರ್‌ಮ್ಯಾನ್‌ನನ್ನು ಹಿಡಿದು ಕೆಳಕ್ಕೆ ಎಸೆಯುತ್ತಾನೆ, ತಾನೇ ಬಾಂಬಿನತ್ತ ಏರುತ್ತಾನೆ. ಅಲ್ಲಿ ಮತ್ತೆ ಮತ್ತೆ ಮಂತ್ರಪದ ಕೂಗಿ, ಸಿಡಿಲಿನಿಂದ ಬಾಂಬನ್ನು ಆಕಾಶದಲ್ಲೇ ಸಿಡಿಸುತ್ತಾನೆ.

ಮುಂದಿಟ್ಟ ಎರಡು ಆಯ್ಕೆಗಳಲ್ಲಿ ಬಿಲ್ಲಿ ಯಾವುದನ್ನೂ ಎತ್ತಿಕೊಳ್ಳಲಿಲ್ಲ. ನಾಲ್ಕು ಸಂಚಿಕೆಗಳ ಉದ್ದಕ್ಕೂ ಎಲ್ಲರೂ ನಂಬಿ ಕೂತಿದ್ದ ಮನುಷ್ಯರೋ ಅತಿಮಾನವರೋ ಎಂಬ ವಿಭಜನೆಯನ್ನೇ ಅವನು ಒಪ್ಪಲಿಲ್ಲ. ಮನಸ್ಸನ್ನೇ ಕಳೆದುಕೊಂಡಿದ್ದ, ಎಲ್ಲರೂ ಆಯುಧದಂತೆ ಬಳಸಿಕೊಂಡಿದ್ದ ಒಬ್ಬನಿಗೆ ತನ್ನ ಸ್ವಂತದ ತೀರ್ಮಾನವೆಂದು ಸಿಕ್ಕಿದ್ದು ಅದೊಂದೇ, ಅದನ್ನು ಅವನು ಹೀಗೆ ಬಳಸಿದ. ಎಷ್ಟನೆಯ ಸಲ ಓದಿದರೂ ಆ ಪುಟವನ್ನು ತಿರುವಿಹಾಕುವ ಮೊದಲು ನನ್ನ ಕೈ ನಿಲ್ಲುತ್ತದೆ.

ಬಾಂಬು ಮೇಲೆಯೇ ಸಿಡಿದ ಮೇಲೂ ಅಷ್ಟು ಜನ ಸತ್ತದ್ದೇಕೆ? ಹಾಗಾದರೆ ಬಿಲ್ಲಿಯ ಬಲಿದಾನ ವ್ಯರ್ಥವೇ?

ಸಿಡಿತದ ಎತ್ತರ ಹೆಚ್ಚಿದ್ದರಿಂದ ಹೊಡೆತ ತಗ್ಗಿತೇ ಹೊರತು ಇಲ್ಲವಾಗಲಿಲ್ಲ. ಯುದ್ಧಭೂಮಿಯಲ್ಲಿದ್ದವರಲ್ಲಿ ಬಹುಪಾಲು ಸುಟ್ಟುಹೋದರು, ಒಂದು ಗುಂಪು ಉಳಿಯಿತು. ಒಬ್ಬರೂ ಸಾಯದೆ ಎಲ್ಲವೂ ಸುಸೂತ್ರವಾಗುವ ಕೊನೆಯನ್ನು ವೇಡ್ ಬರೆಯಬಹುದಿತ್ತು, ಬರೆಯಲಿಲ್ಲ. ಉಳಿದವರ ಸಂಖ್ಯೆ ಮನುಷ್ಯರನ್ನು ತುಳಿಯುವಷ್ಟು ದೊಡ್ಡದಲ್ಲ, ಅಳಿಸಿಹೋಗುವಷ್ಟು ಚಿಕ್ಕದೂ ಅಲ್ಲ. ಇಬ್ಬರೂ ಒಂದೇ ನೆಲದ ಮೇಲೆ ಬಾಳುವುದು ಮೊದಲ ಸಲ ಸಾಧ್ಯವಾದದ್ದು ಈ ಉಳಿಕೆಯಿಂದ, ಅದನ್ನು ಕೊಟ್ಟವನು ಬಿಲ್ಲಿ.

ಸ್ಪೆಕ್ಟರ್‌ಗೆ ಅಷ್ಟು ಶಕ್ತಿಯಿದ್ದೂ ಅವನೇಕೆ ಸುಮ್ಮನಿದ್ದ? ಪಾದ್ರಿಯ ಕೆಲಸವೇನು?

ಸ್ಪೆಕ್ಟರ್ ದೈವಕೋಪದ ಮೂರ್ತಿ. ಬರಲಿರುವ ಅನಾಹುತಕ್ಕೆ ಹೊಣೆ ಯಾರೆಂದು ಗುರುತಿಸಿ ದಂಡಿಸುವುದು ಅವನ ಕೆಲಸ, ಆದರೆ ಮನುಷ್ಯರ ಮನಸ್ಸನ್ನು ಅಳೆಯುವ ಶಕ್ತಿ ಅವನಲ್ಲಿ ಕುಗ್ಗಿದೆ. ಅದಕ್ಕಾಗಿ ಒಬ್ಬ ಮನುಷ್ಯನ ಕಣ್ಣು ಬೇಕೆಂದು ನಾರ್ಮನ್‌ನನ್ನು ಜೊತೆಗೆ ಕರೆದುಕೊಂಡು ಎಲ್ಲ ಘಟನೆಗಳ ನಡುವೆ ಅದೃಶ್ಯವಾಗಿ ಸುತ್ತಾಡಿಸುತ್ತಾನೆ. ಕನ್ನಡದ ಓದುಗರಿಗೆ ಕುರುಕ್ಷೇತ್ರವನ್ನು ಕಂಡು ಹೇಳಿದ ಸಂಜಯ ನೆನಪಾಗುವುದು ಸಹಜ. ಆದರೆ ಸಂಜಯನ ಕೆಲಸ ಕಂಡದ್ದನ್ನು ಅರಸನಿಗೆ ಹೇಳುವುದು, ನಾರ್ಮನ್‌ನಿಂದ ಬಯಸಿರುವುದು ತೀರ್ಪು. ಮೂರು ಸಂಚಿಕೆಗಳಲ್ಲಿ ಅವನು ನೋಡುತ್ತಾನೆ, ನರಳುತ್ತಾನೆ, ಏನೂ ಮಾಡಲಾರ. ಇದರಿಂದ ಬೇಸತ್ತ ಓದುಗರೂ ಇದ್ದಾರೆ, ಆದರೆ ಆ ಅಸಹಾಯಕತೆಯನ್ನು ಅಷ್ಟು ಕಾಲ ಹಿಡಿದಿಟ್ಟದ್ದರಿಂದಲೇ ಮುಂದಿನ ದೃಶ್ಯಕ್ಕೆ ತೂಕ ಬಂದಿದೆ.

ವಿಶ್ವಸಂಸ್ಥೆಯ ಕಟ್ಟಡದಲ್ಲಿ ನಡೆಯುವ ದೃಶ್ಯ ಯುದ್ಧಕ್ಕಿಂತ ಮುಖ್ಯವೆಂದು ಏಕೆ ಹೇಳುತ್ತಾರೆ?

ಎಲುಬುಗಳ ನಡುವೆ ಎದ್ದುನಿಂತ ಸೂಪರ್‌ಮ್ಯಾನ್‌ಗೆ ಎಲ್ಲರೂ ಸತ್ತರೆಂದೇ ಅನ್ನಿಸುತ್ತದೆ. ಅವನು ನೇರವಾಗಿ ನ್ಯೂಯಾರ್ಕ್‌ನ ವಿಶ್ವಸಂಸ್ಥೆಯ ಸಭಾಂಗಣಕ್ಕೆ ನುಗ್ಗಿ, ಅಲ್ಲಿದ್ದವರ ತಲೆಯ ಮೇಲೆ ಚಾವಣಿಯನ್ನು ಕೆಡವಲು ಮುಂದಾಗುತ್ತಾನೆ. ಅವನ ಕಣ್ಣು ಕೆಂಡದಂತೆ ಉರಿಯುತ್ತಿದೆ. ಈ ಭೂಮಿಯ ಮೇಲೆ ಅವನನ್ನು ತಡೆಯಬಲ್ಲವನು ಈಗ ತಾನೇ ಸತ್ತಿದ್ದಾನೆ.

ಆಗ ನಾರ್ಮನ್ ತನ್ನನ್ನು ಅವನಿಗೆ ಕಾಣಿಸುವಂತೆ ಮಾಡು ಎಂದು ಸ್ಪೆಕ್ಟರ್‌ನನ್ನು ಬೇಡುತ್ತಾನೆ. ಕೈಯಲ್ಲಿ ಆಯುಧವಿಲ್ಲದ ಮುದುಕನೊಬ್ಬ ಅವನ ಮುಂದೆ ನಿಂತು ಮಾತಾಡುತ್ತಾನೆ. ಅವನು ಬೆದರಿಸುವುದಿಲ್ಲ, ಆಡಿದ್ದೆಲ್ಲ ಸೂಪರ್‌ಮ್ಯಾನ್‌ಗೆ ತನ್ನ ಮೇಲೆಯೇ ಇರುವ ಸಿಟ್ಟಿನ ಬಗ್ಗೆ: ಹತ್ತು ವರ್ಷಗಳ ಹಿಂದೆ ಬಿಟ್ಟುಹೋದದ್ದು, ಕ್ಯಾನ್ಸಸ್, ಈಗಿನ ಸಾವುಗಳು, ಇವೆಲ್ಲದರ ಹೊರೆಯನ್ನು ಹೊತ್ತು ನೀನು ನಿನ್ನನ್ನೇ ಕ್ಷಮಿಸಲಾರದೆ ಇದ್ದೀಯ; ನಿನ್ನ ಶಕ್ತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಸರಿತಪ್ಪುಗಳ ಅರಿವು, ಅದು ನಿನಗೆ ಬಂದದ್ದು ನಿನ್ನೊಳಗಿನ ಮನುಷ್ಯತ್ವದಿಂದ, ಆ ಮನುಷ್ಯತ್ವವನ್ನು ನೀನು ತೊರೆದ ದಿನದಿಂದಲೇ ಎಲ್ಲವೂ ಹಳಿ ತಪ್ಪಿತು ಎಂಬ ಅರ್ಥದ ಮಾತುಗಳನ್ನು ಹೇಳುತ್ತಾನೆ. ಕಣ್ಣಿನ ಕೆಂಪು ಆರುತ್ತದೆ, ಕೈ ಕೆಳಗಿಳಿಯುತ್ತದೆ. ಕಥೆಯ ಉದ್ದಕ್ಕೂ ಅತಿಮಾನವರು ಮನುಷ್ಯರನ್ನು ಕಾಪಾಡುವುದನ್ನೋ ಕೊಲ್ಲುವುದನ್ನೋ ನೋಡಿದ್ದೆವು. ಒಬ್ಬ ಮನುಷ್ಯ ಅತಿಮಾನವನನ್ನು ಕಾಪಾಡುವುದು ಇಲ್ಲಿ ಮಾತ್ರ. ಸೂಪರ್‌ಹೀರೊ ಕಥೆಯೊಂದರ ಕಟ್ಟಕಡೆಯ ಹೋರಾಟವನ್ನು ಒಂದು ಸಂಭಾಷಣೆಯಿಂದ ಗೆಲ್ಲಿಸಿದ್ದು 1996ರ ಕಾಲಕ್ಕೆ ದೊಡ್ಡ ಧೈರ್ಯ.

ಧ್ವಜಗಳ ಸಾಲಿನಲ್ಲಿ ಹಾರುವ ಬಟ್ಟೆ ಯಾವುದು?

ಕ್ಯಾಪ್ಟನ್ ಮಾರ್ವೆಲ್‌ನ ಕೇಪ್. ಬಿಲ್ಲಿಯಿಂದ ಉಳಿದದ್ದು ಅದೇ. ವಿಶ್ವಸಂಸ್ಥೆಯ ದೇಶಧ್ವಜಗಳ ನಡುವೆ ಅದನ್ನು ಏರಿಸುತ್ತಾರೆ. ಇನ್ನು ಮುಂದೆ ಮೇಲಿನಿಂದ ಆಳುವುದಿಲ್ಲ, ಜನರ ನಡುವೆ ಇದ್ದು ಜೊತೆಗೆ ದುಡಿಯುತ್ತೇವೆ ಎಂದು ಸೂಪರ್‌ಮ್ಯಾನ್ ಕೊಡುವ ಮಾತಿಗೆ ಆ ಬಟ್ಟೆಯೇ ಸಾಕ್ಷಿ.

ಉಳಿದವರ ಕಥೆ ಏನಾಗುತ್ತದೆ?

ಬ್ರೂಸ್ ವೇಯ್ನ್, ಅಂದರೆ ಬ್ಯಾಟ್‌ಮ್ಯಾನ್, ತನ್ನ ಮನೆಯನ್ನು ಆಸ್ಪತ್ರೆ ಮಾಡಿ ಗಾಯಾಳುಗಳಿಗೆ ತೆರೆಯುತ್ತಾನೆ. ಅವಳದೇ ಕುಲವಾದ, ಯೋಧೆಯರ ಅಮೆಜ಼ಾನರು ಕಿತ್ತುಕೊಂಡಿದ್ದ ಪದವಿ ವಂಡರ್ ವುಮನ್‌ಗೆ ಮರಳಿ ಸಿಗುತ್ತದೆ. ಸೂಪರ್‌ಮ್ಯಾನ್ ಕ್ಯಾನ್ಸಸ್‌ನ ಸುಟ್ಟ ನೆಲದಲ್ಲಿ ಬೇಸಾಯ ಹೂಡುತ್ತಾನೆ. ಮೊದಲ ಸಂಚಿಕೆಯಲ್ಲಿ ಅವನು ದುಡಿಯುತ್ತಿದ್ದ ಹೊಲ ಏಕಾಂತದ ಕೋಟೆಯೊಳಗೆ ಯಂತ್ರಗಳು ಹುಟ್ಟಿಸಿದ ಭ್ರಮೆಯಾಗಿತ್ತು, ಅಲ್ಲಿ ಮಣ್ಣೂ ಇರಲಿಲ್ಲ, ನೆರೆಹೊರೆಯೂ ಇರಲಿಲ್ಲ. ಕೊನೆಯಲ್ಲಿ ಇರುವುದು ನಿಜವಾದ ಮಣ್ಣು. ಅಲ್ಲಿಗೆ ಬರುವ ಡಯಾನಾ, ಅಂದರೆ ವಂಡರ್ ವುಮನ್, ಅವನಿಗೆ ಒಂದು ಕನ್ನಡಕ ಕೊಡುತ್ತಾಳೆ, ಅವನು ಸಾಮಾನ್ಯ ಮನುಷ್ಯನಂತೆ ಕ್ಲಾರ್ಕ್ ಕೆಂಟ್ ಎಂಬ ಹೆಸರಿನಲ್ಲಿ ಬಾಳುವಾಗ ಹಾಕಿಕೊಳ್ಳುತ್ತಿದ್ದಂಥದ್ದು. ಲೋಯಿಸ್ ಸತ್ತ ದಿನದಿಂದ ತೊರೆದಿದ್ದ ಆ ಹೆಸರನ್ನು ಅವನು ಮತ್ತೆ ತೊಡುವುದನ್ನು ರಾಸ್ ಈ ಒಂದು ವಸ್ತುವಿನಲ್ಲಿ ಹೇಳಿಬಿಟ್ಟಿದ್ದಾರೆ.

ನನ್ನ ಪುಸ್ತಕದಲ್ಲಿ ಊಟದ ಮನೆಯ ದೃಶ್ಯವಿದೆ, ಗೆಳೆಯರ ಹಳೆಯ ಸಂಚಿಕೆಯಲ್ಲಿ ಇಲ್ಲ. ಏಕೆ?

‘ಒಂದು ವರ್ಷದ ಬಳಿಕ’ ನಡೆಯುವ ಆ ಉಪಸಂಹಾರವನ್ನು ಸಂಚಿಕೆಗಳು ಒಟ್ಟಾಗಿ ಪುಸ್ತಕವಾದಾಗ ಸೇರಿಸಿದರು. ಸೂಪರ್‌ಹೀರೊ ವೇಷದ ಸಿಬ್ಬಂದಿ ಊಟ ಬಡಿಸುವ ‘ಪ್ಲಾನೆಟ್ ಕ್ರಿಪ್ಟಾನ್’ ಎಂಬ ಹೋಟೆಲಿನಲ್ಲಿ ಕ್ಲಾರ್ಕ್, ಡಯಾನಾ, ಬ್ರೂಸ್ ಮೂವರೂ ಕೂಡುತ್ತಾರೆ. ಡಯಾನಾ ಬಸುರಿಯೆಂಬುದನ್ನು ಅವರು ತಿಳಿಸುವ ಮೊದಲೇ ಬ್ರೂಸ್ ಊಹಿಸಿಬಿಡುತ್ತಾನೆ, ಆದರೆ ಹುಟ್ಟುವ ಮಗುವಿಗೆ ಧರ್ಮಪಿತನಾಗಬೇಕೆಂದು ಅವರು ಅವನನ್ನು ಕೇಳಿಕೊಳ್ಳುತ್ತಾರೆ. ಹೆತ್ತವರನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡವನಿಗೆ ಆ ಕೋರಿಕೆ ಎಷ್ಟು ದೊಡ್ಡದೆಂದು ಅವನ ಮುಖ ನೋಡಿದರೆ ತಿಳಿಯುತ್ತದೆ. ದೃಶ್ಯ ಮನಸ್ಸಿಗೆ ಹಿತವಾಗಿದೆ, ಆದರೂ ಮೊದಲ ಸಲ ಓದುವವರು ಅದಕ್ಕೆ ಮುಂಚೆ ಪುಸ್ತಕವನ್ನು ಒಂದು ದಿನವಾದರೂ ಮುಚ್ಚಿಡಲಿ ಎಂಬುದು ನನ್ನ ಸಲಹೆ. ಅಷ್ಟು ಸಾವಿನ ಹಿಂದೆಯೇ ಅಷ್ಟು ಬೇಗ ನಗು ಬಂದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಮುಖಗಳು ಫೋಟೊದಂತೆ ಕಾಣುವುದು ಹೇಗೆ?

ರಾಸ್ ತಮ್ಮ ಪರಿಚಿತರನ್ನು ಪಾತ್ರಗಳ ಭಂಗಿಯಲ್ಲಿ ನಿಲ್ಲಿಸಿ ಫೋಟೊ ತೆಗೆದು, ಅದರ ಆಧಾರದ ಮೇಲೆ ಗ್ವಾಶ್ ಎಂಬ ದಟ್ಟ ಜಲವರ್ಣದಲ್ಲಿ ಪ್ರತಿ ಪುಟವನ್ನೂ ಬಿಡಿಸುತ್ತಾರೆ. 1994ರ ‘ಮಾರ್ವೆಲ್ಸ್’ ಸರಣಿಯಲ್ಲೂ ಅವರದು ಇದೇ ಕ್ರಮ. ನಾರ್ಮನ್ ಮೆಕೇಗೆ ರೂಪ ಕೊಟ್ಟವರು ರಾಸ್ ಅವರ ತಂದೆ ಕ್ಲಾರ್ಕ್ ನಾರ್ಮನ್ ರಾಸ್, ವೃತ್ತಿಯಿಂದ ನಿಜವಾಗಿಯೂ ಪಾದ್ರಿ. ಸಭಾಂಗಣದ ದೃಶ್ಯದಲ್ಲಿ ಆ ಮುದುಕನ ಮುಖವನ್ನು ಗಮನಿಸಿ: ಅಲ್ಲಿ ಮಗ ತನ್ನ ತಂದೆಯನ್ನು ಚಿತ್ರಿಸುತ್ತಿದ್ದಾನೆ.

ಇದಕ್ಕೆ ಮುಂದಿನ ಭಾಗವಿದೆಯೇ?

ವೇಡ್ 1998–99ರಲ್ಲಿ ‘ದಿ ಕಿಂಗ್‌ಡಮ್’ ಬರೆದರು, ಅದರಲ್ಲಿ ರಾಸ್ ಅವರ ಪಾಲಿಲ್ಲ. 2007–08ರಲ್ಲಿ ಜೆಫ್ ಜಾನ್ಸ್ ಜೊತೆ ಸೇರಿ ರಾಸ್ ಈ ಕಥೆಯ ಸೂಪರ್‌ಮ್ಯಾನ್‌ನನ್ನು ‘ಜಸ್ಟಿಸ್ ಸೊಸೈಟಿ ಆಫ್ ಅಮೆರಿಕ’ ಪತ್ರಿಕೆಗೆ ತಂದರು. ಎರಡನ್ನೂ ಓದದಿದ್ದರೆ ನಷ್ಟವಿಲ್ಲ, ಓದುವುದಾದರೆ ಎರಡನೆಯದನ್ನು ಆರಿಸಿಕೊಳ್ಳಿ.

ಮಕ್ಕಳಿಗೆ ಕೊಡಬಹುದೇ?

ಹೈಸ್ಕೂಲಿನ ಮಕ್ಕಳು ಓದಬಹುದು. ಅದಕ್ಕಿಂತ ಚಿಕ್ಕವರಿಗೆ ಸ್ಫೋಟದ ನಂತರದ ಎಲುಬುಗಳ ಚಿತ್ರ ಭಾರವಾದೀತು.

ಕೊನೆಯಲ್ಲಿ ಚರ್ಚಿನ ಬೆಂಚಿನ ಮೇಲೆ ಕೂತಿರುವವನು ಯಾರು?

ಜಿಮ್ ಕಾರಿಗನ್, ಅಂದರೆ ಸ್ಪೆಕ್ಟರ್‌ನ ಮನುಷ್ಯರೂಪ. ಮೊದಲ ಸಂಚಿಕೆಯಲ್ಲಿ ನಾರ್ಮನ್‌ಗೆ ತಾನು ಹೇಳುವ ಮಾತಿನ ಮೇಲೆ ತನಗೇ ನಂಬಿಕೆ ಉಳಿದಿರಲಿಲ್ಲ. ಈಗ ಅವನು ಮತ್ತೆ ಉಪದೇಶಪೀಠದಲ್ಲಿ ನಿಂತು ಭರವಸೆಯ ಮಾತಾಡುತ್ತಿದ್ದಾನೆ. ದಂಡಿಸುವುದಕ್ಕೆಂದೇ ಬಂದಿದ್ದವನು ಸಾಮಾನ್ಯ ಬಟ್ಟೆ ತೊಟ್ಟು, ಉಳಿದ ಭಕ್ತರ ನಡುವೆ ಕೂತು ಕೇಳುತ್ತಿದ್ದಾನೆ.